ಒಗೆದ ಬೆಲ್ಟು

ರೇಸ್ ಕಾರುಗಳ ತಪಾಸಣೆ ಶೆಡ್ಡಿನ ಮೂಲೆಯಲ್ಲಿ ಅವಳದೊಂದು ಮೇಜು, ಒಂದು ಹೊಲಿಗೆ ಯಂತ್ರ. ಗೋಡೆಯ ಮೊಳೆಗೆ ತೂಗುಹಾಕಿದ ಒಂದು ಕತ್ತರಿ, ಮೊಳಕ್ಕೆ ಎರಡೇ ಬೆರಳು ಕಡಿಮೆ. ಸಂಬಳ ಬರುತ್ತಿದ್ದದ್ದು ಹೊಲಿಯುವುದಕ್ಕೆ. ಹೆಸರು ಬಂದದ್ದು ಮಾತ್ರ ಕತ್ತರಿಸುವುದರಿಂದ. ಶೆಡ್ಡಿಗೆ ಶೆಡ್ಡೇ ಅವಳನ್ನು ಕತ್ತರಿಯಕ್ಕ ಎನ್ನುತ್ತಿತ್ತು.

ಅಪಘಾತವಾದ ಕಾರಿನಿಂದ ಬಿಚ್ಚಿ ತಂದ ಸೀಟು ಬೆಲ್ಟುಗಳು ಅವಳ ಮೇಜಿಗೆ ಬರುತ್ತಿದ್ದವು. ಕಾರು ಗೋಡೆಗೆ ಬಡಿದಾಗ ಬೆಲ್ಟಿನ ನಾರು ತಾನು ಹಿಗ್ಗಿ, ಆ ಪೆಟ್ಟನ್ನು ತನ್ನ ಮೇಲೆ ಎಳೆದುಕೊಂಡು, ಚಾಲಕನ ಎದೆಗೂಡನ್ನು ಉಳಿಸುತ್ತದೆ. ಒಮ್ಮೆ ಹಿಗ್ಗಿದ ನಾರು ಮತ್ತೆ ಹಿಂದಿನ ಹಾಗಾಗುವುದಿಲ್ಲ. ಆದರೆ ನೋಡಲು ಹೊಸದರಂತೆಯೇ ಇರುತ್ತದೆ. ಅದಕ್ಕೇ ಯಾರೂ ಮತ್ತೆ ತೊಡದ ಹಾಗೆ ಅದನ್ನು ತುಂಡು ಮಾಡಿಬಿಡಬೇಕು.

"ಚೆನ್ನಾಗೇ ಇದೆಯಲ್ಲಕ್ಕ, ಯಾಕೆ ಕತ್ತರಿಸ್ತೀಯ?" ಎಂದು ಚಾಲಕರು ಗೋಗರೆಯುತ್ತಿದ್ದರು.

"ನೀನೂ ಚೆನ್ನಾಗೇ ಇದ್ದೀಯಪ್ಪ. ಹಾಗಂತ ಇನ್ನೊಂದು ಸಲ ಗೋಡೆಗೆ ಗುದ್ದಿಕೋತೀಯಾ?"

ಮಾತು ಮುಗಿಯುವುದರೊಳಗೆ ಬೆಲ್ಟು ನಾಲ್ಕು ತುಂಡಾಗಿರುತ್ತಿತ್ತು.

ಈ ವಿದ್ಯೆಗೆ ಅವಳು ಸೇರಿದ್ದು ಒಂಬತ್ತನೇ ವಯಸ್ಸಿನಲ್ಲಿ, ಹಿತ್ತಲಿನ ಬಟ್ಟೆ ಒಗೆಯುವ ತೊಟ್ಟಿಯ ಪಕ್ಕದಲ್ಲಿ. ಅವಳ ಅಪ್ಪ ರೇಸ್ ಓಡಿಸುತ್ತಿದ್ದ. ಆ ಕಾಲದಲ್ಲಿ ಬೆಲ್ಟು ಕಟ್ಟಿಕೊಳ್ಳುವವನು ಹೇಡಿ. ಕಾರು ಮಗುಚಿದರೆ ಹೊರಗೆ ಸಿಡಿದು ಬೀಳುವುದೇ ಕ್ಷೇಮ, ಒಳಗಿದ್ದರೆ ಸುಟ್ಟುಹೋಗುತ್ತೇವೆ ಎಂದು ದೊಡ್ಡ ದೊಡ್ಡವರೂ ನಂಬಿದ್ದರು. ಟ್ರ್ಯಾಕಿನ ಅಂಚಿಗೆ ಹುಲ್ಲಿನ ಪಿಂಡಿ ಜೋಡಿಸಿರುತ್ತಿದ್ದರು. ಕಾರು ಬಂದು ಬಡಿದರೆ ಹುಲ್ಲಿಗೇ ಬೆಂಕಿ ಹತ್ತಿಕೊಳ್ಳುತ್ತಿತ್ತು. ಅಪ್ಪನ ಮೈಮೇಲಿದ್ದದ್ದು ಮಾಮೂಲಿ ಹತ್ತಿಯ ಅಂಗಿ, ಚಡ್ಡಿಗಿಂತ ಸ್ವಲ್ಪ ಉದ್ದದ ಷರಾಯಿ.

ಬಿಳಿಗಾರವನ್ನೂ ಬೋರಿಕ್ ಪುಡಿಯನ್ನೂ ಬಿಸಿನೀರಲ್ಲಿ ಕದಡಿ ಹತ್ತಿಬಟ್ಟೆಯನ್ನು ಅದ್ದಿ ಒಣಗಿಸಿದರೆ ಅದು ಬೇಗ ಹೊತ್ತಿಕೊಳ್ಳುವುದಿಲ್ಲ ಎಂದು ಅಮ್ಮನಿಗೆ ಯಾರೋ ಇನ್ನೊಬ್ಬ ಚಾಲಕನ ಹೆಂಡತಿ ಹೇಳಿದ್ದಳು. ಅಮ್ಮ ಅದ್ದಿದಳು. ತೊಂದರೆಯೆಂದರೆ, ಒಂದು ಸಲ ಒಗೆದರೆ ಅಷ್ಟೂ ನೀರುಪಾಲು, ಮತ್ತೆ ಅದ್ದಬೇಕು. ರೇಸಿನಿಂದ ಬಂದ ಬಟ್ಟೆಯ ಗ್ರೀಸು ಕಳೆಯಬೇಕು, ಒಗೆಯಬೇಕು, ಅದ್ದಬೇಕು, ನೆರಳಲ್ಲಿ ಹರವಬೇಕು. ಒಣಗಿದಾಗ ಅಂಗಿ ತಗಡಿನ ಹಾಗೆ ತಾನೇ ಎದ್ದು ನಿಲ್ಲುತ್ತಿತ್ತು. "ಕಂಕುಳು ಕೆರೆಯುತ್ತೆ ಕಣೇ" ಎಂದು ಅಪ್ಪ ಗೊಣಗುತ್ತಿದ್ದ. ತೊಟ್ಟಿ ಕದಡುವ ಕೋಲು ಇವಳ ಕೈಯಲ್ಲಿ. ಇವಳಿಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿಯ ಕೆಲಸ, ಬಟ್ಟೆ ಹಿಂಡುವಾಗ ಒಂದು ತುದಿ ಹಿಡಿದು ನಿಲ್ಲುವುದು.

ಒಂದು ಭಾನುವಾರ ಅಪ್ಪನ ಕಾರಿನ ಟ್ಯಾಂಕು ಸೀಳಿತು. ಉರಿಯ ನಡುವಿನಿಂದ ಅವನು ನಡೆದು ಬಂದ. ಅಂಗಿ ಕರಕಲಾಗಿತ್ತು, ಉರಿದಿರಲಿಲ್ಲ. ಬೆಂದದ್ದು ಅಂಗೈ ಮಾತ್ರ, ಏಕೆಂದರೆ ಕೈಗವಸನ್ನು ಅದ್ದಲು ಅವನು ಬಿಟ್ಟಿರಲಿಲ್ಲ. ಪತ್ರಿಕೆಯಲ್ಲಿ ಅವನ ಫೋಟೋ ಬಂತು, 'ಬೆಂಕಿಯನ್ನು ಗೆದ್ದ ಧೀರ' ಎಂದು. ಅಮ್ಮ ಓದಿ, ಪತ್ರಿಕೆ ಮಡಚಿದಳು.

"ಬೆಂಕಿನ ಗೆದ್ದಿದ್ದು ಬಿಳಿಗಾರ. ಧೀರರು ಅಡುಗೆಮನೇಲಿ ಬಾಯಿ ತೆರೆದುಕೊಂಡು ಕೂತಿದ್ದಾರೆ, ಹೋಗಿ ತುತ್ತು ಹಾಕು" ಎಂದಳು ದೊಡ್ಡ ಮಗಳಿಗೆ.

ಆ ಮಗಳು ಹೊಲಿಗೆ ಕಲಿತು, ಮುಂದೆ ತಪಾಸಣೆ ಶೆಡ್ಡಿಗೇ ಸೇರಿದಳು. ಅಷ್ಟರಲ್ಲಿ ಹೊತ್ತಿಕೊಳ್ಳದ ನೂಲಿನಿಂದಲೇ ನೇಯ್ದ ಉಡುಪು ಬಂದಿತ್ತು, ತೊಟ್ಟಿಯ ಕೆಲಸ ಮುಗಿದಿತ್ತು. ಆದರೆ ಅಂಥ ಉಡುಪಿನ ಹರಿದ ಜಾಗವನ್ನು ಮಾಮೂಲಿ ದಾರದಲ್ಲಿ ಹೊಲಿದರೆ ಆ ದಾರ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಗಂಡನ ಎದೆಯ ಮೇಲೆ ಅವನ ಹೆಸರನ್ನು ಚೆಂದದ ಮಿಂಚುದಾರದಲ್ಲಿ ಕಸೂತಿ ಮಾಡಿ ಕಳಿಸಿದ ಹೆಂಡತಿಯರು ಎಷ್ಟೋ ಜನ. ಒಂದೊಂದೇ ಹೊಲಿಗೆ ಬಿಚ್ಚಿ, ಬೆಂಕಿ ತಡೆಯುವ ದಾರದಲ್ಲಿ ಅದೇ ಅಕ್ಷರ, ಅದೇ ಬಳ್ಳಿ ಮತ್ತೆ ಹಾಕಿಕೊಡುತ್ತಿದ್ದಳು. ಕಸೂತಿ ಬದಲಾದದ್ದು ಮನೆಯಲ್ಲಿದ್ದವಳಿಗೆ ಗೊತ್ತಾಗಬಾರದು ಎಂಬಷ್ಟು ಜಾಗ್ರತೆಯಿಂದ.

ಮೂವತ್ತು ವರ್ಷದಲ್ಲಿ ಸೊಂಟಕ್ಕೊಂದು ಪಟ್ಟಿ ಇದ್ದದ್ದು ಆರು ಪಟ್ಟಿಯಾಯಿತು. ಹುಲ್ಲಿನ ಜಾಗಕ್ಕೆ ಟೈರಿನ ಸಾಲು, ಆಮೇಲೆ ಪೆಟ್ಟು ತಿಂದು ಒಳಗೆ ಸರಿಯುವ ಗೋಡೆ. ತಲೆ ಮುಂದಕ್ಕೆ ಚಿಮ್ಮದಂತೆ ಹೆಲ್ಮೆಟ್ಟನ್ನು ಹೆಗಲಿಗೆ ಬಿಗಿಯುವ ಪಟ್ಟಿ ಬಂದಾಗ ಒಬ್ಬ ಚಾಂಪಿಯನ್ ಹಟ ಹಿಡಿದ.

"ಇದೇನಕ್ಕ, ಕತ್ತಿಗೆ ನೊಗ?"

"ನೊಗ ಹೊತ್ತ ಎತ್ತು ಸಂಜೆ ಮನೆಗೆ ಬರುತ್ತೆ ಕಣಪ್ಪ. ಕತ್ತು ಬಗ್ಗಿಸು."

ಅವಳ ಗಂಡ ಅದೇ ಶೆಡ್ಡಿನಲ್ಲಿ ಟೈರು ತಪಾಸಣೆಯವನು. ಒಳ್ಳೆಯ ಮನುಷ್ಯ. ಟೈರಿಗೆ ಗಾಳಿ ಎಷ್ಟಿದೆಯೆಂದು ತಟ್ಟಿಯೇ ಹೇಳುತ್ತಿದ್ದ. ಮನೆಯಲ್ಲಿ ಸಕ್ಕರೆ ಡಬ್ಬ ಯಾವುದೆಂದು ಕೇಳಿದರೆ ಬ್ರಹ್ಮಾಂಡವನ್ನೇ ಹುಡುಕುವವನ ಹಾಗೆ ನಿಲ್ಲುತ್ತಿದ್ದ. ಇಬ್ಬರೂ ಒಂದೇ ಬಸ್ಸಿನಲ್ಲಿ, ಪಕ್ಕಪಕ್ಕದ ಸೀಟಿನಲ್ಲಿ ಮನೆಗೆ ಬರುತ್ತಿದ್ದರು. ಹೊಸ್ತಿಲು ದಾಟಿದರೆ ಅವನ ದಿನ ಮುಗಿಯಿತು, ಅವಳ ಎರಡನೇ ಪಾಳಿ ಶುರು. ಶೆಡ್ಡಿನಲ್ಲಿ ಒಂದು ನಿಯಮವಿತ್ತು. ಸಹಿ ಬೀಳದ ಕೆಲಸ ಆಗಿಲ್ಲ ಎಂದೇ ಲೆಕ್ಕ. ಒಂದು ದಿನ ಅವಳು ತಪಾಸಣೆಯ ಖಾಲಿ ಹಾಳೆಯೊಂದನ್ನು ತಂದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಪಾತ್ರೆ, ಒಲೆ ಒರೆಸುವುದು, ನಾಳೆಯ ತರಕಾರಿ, ಬಟ್ಟೆ ಮಡಚುವುದು. ಎದುರಿಗೆ 'ಮಾಡಿದವರ ಸಹಿ'. ಮೊದಲ ವಾರ ಅಷ್ಟೂ ಅವಳದೇ ಸಹಿ. ಗಂಡ ಪ್ರತಿದಿನ ಆ ಹಾಳೆಯ ಮುಂದೆ ನೀರು ಕುಡಿಯುತ್ತಾ ನಿಂತು ಓದುತ್ತಿದ್ದ. ಎರಡನೇ ವಾರ ಪಾತ್ರೆಯ ಎದುರು ಅವನ ಸಹಿ ಬಿತ್ತು.

"ತಳ ಜಿಡ್ಡು. ತಪಾಸಣೆಯಲ್ಲಿ ಫೇಲು" ಎಂದು ಅವಳು ಬಾಣಲೆಯನ್ನು ಅವನ ಕೈಗೇ ವಾಪಸು ಕೊಟ್ಟಳು.

ಇನ್ನು ತಂಗಿಯ ವಿಷಯ. ಬಟ್ಟೆ ಹಿಂಡುವಾಗ ತುದಿ ಹಿಡಿಯುತ್ತಿದ್ದವಳು ಬೆಳೆದು ಒಗೆಯುವುದರಲ್ಲಿ ಎತ್ತಿದ ಕೈಯಾದಳು. ಅವಳ ಮನೆಯ ತಾರಸಿಯಲ್ಲಿ ಹಾಸುಬಟ್ಟೆ ಹರವಿದ್ದರೆ ಬೀದಿಯವರು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು, ಅಷ್ಟು ಬಿಳುಪು. ಮದುವೆಯಾದ ಮೇಲೆ ಅವಳನ್ನು ಯಾರೂ ಇನ್ನಾವುದಕ್ಕೂ ಹೊಗಳಿರಲಿಲ್ಲ. ಹೊಗಳುತ್ತಿದ್ದ ಆ ಒಂದನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಅವಳ ಮಗಳ ಹೆಸರು ಚೂಟಿ. ಆರು ವರ್ಷ ಚಿಕ್ಕ ಗಾಡಿಗಳಲ್ಲಿ ಸುತ್ತಿ, ಇಪ್ಪತ್ತೆರಡನೇ ವಯಸ್ಸಿಗೆ ದೊಡ್ಡ ಕಾರಿನ ತಂಡಕ್ಕೆ ಆಯ್ಕೆಯಾಗಿದ್ದಳು. ತಂಡದ ಯಜಮಾನ ಒಂದು ಷರತ್ತು ಹಾಕಿದ್ದ: ಋತುವಿನ ಮೊದಲ ರೇಸಿನಲ್ಲಿ ಯಾರು ಓಡುತ್ತಾರೋ ಇಡೀ ವರ್ಷ ಸೀಟು ಅವರದು. ಬದಲಿ ಚಾಲಕನೊಬ್ಬ ಸಿದ್ಧನಾಗಿ ಕಾಯುತ್ತಿದ್ದ. ಚೂಟಿಯದು ಸಣ್ಣ ಮೈಕಟ್ಟಾದ್ದರಿಂದ ಅಳತೆ ಕೊಟ್ಟು ದೂರದಿಂದ ಬೆಲ್ಟು ತರಿಸಿದ್ದರು. ಎರಡನೇ ಜೊತೆ ಇನ್ನೂ ಬಂದಿರಲಿಲ್ಲ. ಬೇರೆ ಯಾರ ಬೆಲ್ಟೂ ಆ ಸೀಟಿನ ಕೊಂಡಿಗೆ ಕೂರುತ್ತಿರಲಿಲ್ಲ.

ರೇಸಿನ ಹಿಂದಿನ ದಿನ ಮಧ್ಯಾಹ್ನ ಆ ಬೆಲ್ಟು ಕತ್ತರಿಯಕ್ಕನ ಮೇಜಿಗೆ ಬಂತು. ಚೂಟಿ ಉಡುಪು ತೊಟ್ಟು ತಯಾರಾಗಿ ನಿಂತಿದ್ದಳು. ತಂಗಿ ಊಟದ ಡಬ್ಬಿ ಹಿಡಿದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು. ತಂಡದ ಮೆಕ್ಯಾನಿಕ್ ಹೆಮ್ಮೆಯಿಂದ ಬೆಲ್ಟನ್ನು ಹರವಿದ.

"ನೋಡಿ ಅಕ್ಕ, ಅಭ್ಯಾಸದಲ್ಲಿ ಇಡೀ ಬೇಸಿಗೆ ಓಡಿಸಿದ್ದಾರೆ. ಒಂದು ಕಲೆ ಇದ್ರೆ ಹೇಳಿ!"

ಕತ್ತರಿಯಕ್ಕ ಕನ್ನಡಕ ಏರಿಸಿದಳು. ಹೊಲಿಗೆ ನೋಡಿದಳು, ಸರಿಯಿತ್ತು. ಕೊಂಡಿ ನೋಡಿದಳು, ಸರಿಯಿತ್ತು. ಹೆಗಲಿನ ಪಟ್ಟಿಯನ್ನು ಉಗುರಿನಿಂದ ಕೆರೆದಳು. ನವುರಾದ ಧೂಳಿನಂಥದು ಉಗುರಿಗೆ ಬಂತು. ಪಟ್ಟಿಯನ್ನು ಬಿಗಿ ಮಾಡುವ ಕಬ್ಬಿಣದ ಬಿಲ್ಲೆಯನ್ನು ಪಕ್ಕಕ್ಕೆ ಸರಿಸಿದಳು. ಅದರ ಅಡಿಯಲ್ಲಿ, ಉಂಗುರ ತೆಗೆದ ಬೆರಳಿನ ಗುರುತಿನ ಹಾಗೆ, ಎರಡು ಬೆರಳಗಲ ಕಡುನೀಲಿ. ಉಳಿದದ್ದೆಲ್ಲ ಆಕಾಶದ ಬಣ್ಣ.

ಅವಳು ಬೆಲ್ಟನ್ನು ಮೂಗಿಗೆ ಹಿಡಿದಳು. ಎಲ್ಲಿ ಸಿಕ್ಕಿದರೂ ಗುರುತು ಹಿಡಿಯಬಲ್ಲ ವಾಸನೆ. ಬಾಗಿಲ ಕಡೆ ನೋಡುವುದಕ್ಕೆ ಮೊದಲೇ ಅವಳಿಗೆ ಗೊತ್ತಾಗಿತ್ತು.

"ಇದನ್ನ ಬ್ಲೀಚಿಂಗ್ ಪುಡೀಲಿ ನೆನೆಸಿದ್ದಾರೆ. ಬಿಸಿಲಲ್ಲಿ ಒಣಗಿಸಿದ್ದಾರೆ. ಒಂದು ಸಲ ಅಲ್ಲ, ಹತ್ತಾರು ಸಲ. ನಾರು ಸತ್ತಿದೆ" ಎಂದಳು.

ಪಕ್ಕದಲ್ಲೇ ನಿಂತಿದ್ದ ತಂಡದ ಯಜಮಾನ ಮೆಕ್ಯಾನಿಕ್ಕನ ಮೇಲೆ ಹರಿಹಾಯ್ದ. "ಬೆಲ್ಟು ಬಿಸಿಲಿಗೆ ಹಾಕಿದ್ಯಾ? ನಿನಗೆ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?"

"ನಾನು ಮುಟ್ಟಿಲ್ಲ ಸಾರ್! ಅಭ್ಯಾಸ ಮುಗಿದ ಮೇಲೆ ಉಡುಪಿನ ಚೀಲದಲ್ಲೇ ಮನೆಗೆ ಹೋಗ್ತಿತ್ತು, ಶುಚಿಯಾಗಿ ವಾಪಸು ಬರ್ತಿತ್ತು..."

ಸ್ಟೂಲಿನ ಮೇಲೆ ತಂಗಿ ಊಟದ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಿದ್ದಳು, ತೆರೆಯುವುದಕ್ಕೂ ಅಲ್ಲ, ಮುಚ್ಚುವುದಕ್ಕೂ ಅಲ್ಲ. ಕತ್ತರಿಯಕ್ಕ ಬೆಲ್ಟಿನ ಮೇಲಿಂದ ಕಣ್ಣೆತ್ತಲಿಲ್ಲ. ಹೆಸರು ಹೇಳುವುದು ಅವಳ ಕೈಯಲ್ಲಿತ್ತು, ಹೇಳಲಿಲ್ಲ.

"ಅವರನ್ನ ಬೈಬೇಡಿ" ಎಂದಳು ತಂಗಿ ಕೊನೆಗೆ. "ನಾನೇ ಒಗೆದಿದ್ದು. ಬೆವರಿನ ವಾಸನೆ ಇತ್ತು. ಮಗಳು ನಾಲ್ಕು ಜನರ ಮುಂದೆ ಗಲೀಜು ಬೆಲ್ಟು ಕಟ್ಕೊಂಡು ಕೂರಬಾರದು ಅಂತ..."

"ಅಮ್ಮಾ!" ಎಂದಳು ಚೂಟಿ. ಆಮೇಲೆ ತಿರುಗಿ, "ದೊಡ್ಡಮ್ಮ, ಒಂದೇ ಒಂದು ರೇಸು. ಗೋಡೆಗೆ ಹೊಡೆಯಲ್ಲ, ಆಣೆ."

"ಹೊಡೀಬೇಕು ಅಂತ ಯಾರೂ ಹೊಡೆಯಲ್ಲಮ್ಮ."

"ಗಟ್ಟಿ ಇರಬಹುದಲ್ಲ? ಇಲ್ಲ ಅಂತ ಹೇಗೆ ಹೇಳ್ತೀಯ?"

ಪ್ರಶ್ನೆ ನ್ಯಾಯವಾದದ್ದೇ. ಬೆಲ್ಟು ಗಟ್ಟಿಯಿದೆಯೋ ಇಲ್ಲವೋ ತಿಳಿಯಬೇಕಾದರೆ ಎಳೆದು ಹರಿದೇ ನೋಡಬೇಕು. ಹರಿದ ಮೇಲೆ ಗಟ್ಟಿಯಿತ್ತೆಂದು ಗೊತ್ತಾದರೂ ಕಟ್ಟಿಕೊಳ್ಳಲು ಬರುವುದಿಲ್ಲ.

ತಂಗಿ ಎದ್ದು ಬಂದು ಮೇಜಿನ ಅಂಚು ಹಿಡಿದಳು. "ಅಕ್ಕ, ನನ್ನ ತಪ್ಪಿಗೆ ಅವಳ ಆರು ವರ್ಷ ಹಾಳು ಮಾಡ್ಬೇಡ. ನೀನೊಬ್ಬಳು ನೋಡಲಿಲ್ಲ ಅಂದ್ಕೊಂಡ್ರೆ ಮುಗೀತು."

ಕತ್ತರಿಯಕ್ಕನ ಕೈ ಮೊಳೆಯ ಕಡೆ ಹೋಯಿತು. ಒಂದು ಕ್ಷಣ ಅಲ್ಲೇ ನಿಂತಿತು. "ನೋಡಿಬಿಟ್ಟಿದ್ದೀನಲ್ಲೇ" ಎಂದಳು, ತೀರಾ ಮೆಲ್ಲಗೆ. ಕತ್ತರಿ ಮೇಜಿನ ಮೇಲೆ ಬಾಯಿ ತೆರೆಯಿತು. ಹೆಗಲಿನವು ಎರಡು, ಸೊಂಟದವು ಎರಡು, ತೊಡೆಯವು ಎರಡು. ಆರೂ ಪಟ್ಟಿ ಕತ್ತರಿಸಿ ಮುಗಿಸಿದಳು. ಚೂಟಿ ಹೆಲ್ಮೆಟ್ಟನ್ನು ಅಲ್ಲೇ ನೆಲದ ಮೇಲಿಟ್ಟು ಹೊರಗೆ ನಡೆದಳು. ತಂಗಿ ಡಬ್ಬಿಯನ್ನು ಮರೆತು ಅವಳ ಹಿಂದೆ ಓಡಿದಳು.

ತಪಾಸಣೆಯ ಮುಖ್ಯಸ್ಥರು ವಯಸ್ಸಾದ ಎಂಜಿನಿಯರು. ಎಲ್ಲರೂ ಹೋದ ಮೇಲೆ ಒಂದು ತುಂಡನ್ನು ಎತ್ತಿಕೊಂಡರು. "ನಮ್ಮ ಎಳೆಯೋ ಯಂತ್ರಕ್ಕೆ ಹಾಕಿ ನೋಡೋಣ್ವಾ ಅಕ್ಕ? ಹರಿದರೆ ನಿಮ್ಮ ಮನಸ್ಸಿಗೂ ನೆಮ್ಮದಿ."

"ಬೇಡ ಸಾರ್."

ಅವಳು ತುಂಡುಗಳನ್ನು ಚೀಲಕ್ಕೆ ತುಂಬಿದಳು. ಆಮೇಲೆ, "ಬೆಲ್ಟಿನ ಜೊತೆ ಒಂದು ಪುಸ್ತಕ ಬರುತ್ತಲ್ಲ, ಅದೆಲ್ಲಿ?" ಎಂದು ಕೇಳಿದಳು. ಮೆಕ್ಯಾನಿಕ್ಕನ ಡ್ರಾಯರಿನಲ್ಲಿ, ಸ್ಪ್ಯಾನರುಗಳ ಅಡಿಯಲ್ಲಿ ಸಿಕ್ಕಿತು. ಮೂವತ್ತೊಂದನೇ ಪುಟದಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಇತ್ತು: ಬ್ಲೀಚು ಹಾಕಬಾರದು, ಬಿಸಿಲಿಗೆ ಒಡ್ಡಬಾರದು. ಮೇಲೆ ಬರೆದದ್ದು: ಚಾಲಕರಿಗೆ ಮತ್ತು ಮೆಕ್ಯಾನಿಕ್ಕರಿಗೆ.

"ಇದು ಒಗೆಯೋರ ಕೈಗೆ ಯಾಕೆ ಹೋಗಲಿಲ್ಲ?"

"ಬೆಲ್ಟನ್ನ ಒಗೀತಾರೆ ಅಂತ ಯಾರಿಗೆ ಗೊತ್ತಿತ್ತು ಅಕ್ಕ?"

"ಮನೆಯೊಳಗೆ ಹೋದದ್ದು ಯಾವುದೂ ತಾನೇ ಒಗೆದುಕೊಳ್ಳಲ್ಲ ಸಾರ್. ಇಷ್ಟು ವರ್ಷದಿಂದ ಉಡುಪುಗಳು ಶುಚಿಯಾಗಿ ಬರ್ತಿವೆ. ಯಾರು ಒಗೀತಾರೆ, ಏನು ಹಾಕಿ ಒಗೀತಾರೆ ಅಂತ ಈ ಶೆಡ್ಡಲ್ಲಿ ಒಬ್ಬರಾದ್ರೂ ಕೇಳಿದ್ದೀವಾ? ನಾನೂ ಕೇಳಲಿಲ್ಲ. ನೆಲ ಗುಡಿಸಿದ್ರೆ ಯಾರ ಕಣ್ಣಿಗೂ ಬೀಳಲ್ಲ, ಕಸ ಇದ್ರೆ ಮಾತ್ರ ಕಾಣುತ್ತೆ. ನಮ್ಮ ಕೆಲಸವೂ ಅಂಥದ್ದೇ ತಾನೇ? ಆದ್ರೂ ನಾವೇ ಮರೆತುಬಿಟ್ವಿ."

ವರದಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಅವಳು ಬರೆದದ್ದು: 'ಒಗೆಯುವವರಿಗೆ ನಾವು ತಿಳಿಸಿರಲಿಲ್ಲ.' ಕೆಳಗೆ ಸಹಿ.

ಮರುದಿನ ಬದಲಿ ಚಾಲಕ ಓಡಿದ. ವರ್ಷದ ಸೀಟು ಅವನದಾಯಿತು. ಆ ರೇಸಿನಲ್ಲಿ ಯಾವ ಕಾರೂ ಗೋಡೆ ಮುಟ್ಟಲಿಲ್ಲ. ಬೀದಿಯಲ್ಲಿ, ನೆಂಟರಲ್ಲಿ, ಶೆಡ್ಡಿನಲ್ಲೂ ಕೆಲವರು ಅದನ್ನೇ ಆಡಿಕೊಂಡರು. "ಸ್ವಂತ ತಂಗಿ ಮಗಳ ಅನ್ನಕ್ಕೆ ಕತ್ತರಿ ಹಾಕಿದಳು, ಸುಮ್ಮನೆ." ಗಂಡ ಮಾತ್ರ ಅಂದು ಅಡುಗೆಮನೆಯ ಹಾಳೆಯಲ್ಲಿದ್ದ ಅಷ್ಟೂ ಕೆಲಸ ಮಾಡಿ, ಸಹಿ ಹಾಕಿ, ಅವಳ ಮುಂದೆ ಚಹಾ ಇಟ್ಟ. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಅವಳು ಲೋಟ ಖಾಲಿ ಮಾಡಿದಳು.

ಮೂರು ತಿಂಗಳು ತಂಗಿ ಮಾತಾಡಲಿಲ್ಲ. ಅಷ್ಟರಲ್ಲಿ ಕತ್ತರಿಯಕ್ಕ ಮುಖ್ಯಸ್ಥರ ಬೆನ್ನು ಬಿದ್ದು ಎರಡು ಸಂಗತಿ ಮಾಡಿಸಿದ್ದಳು. ಶೆಡ್ಡಿಗೆ ಬರುವ ಪ್ರತಿ ಬೆಲ್ಟಿಗೂ ಒಂದು ಚೀಟಿ ಕಟ್ಟುವುದು: 'ಬ್ಲೀಚು ಬೇಡ, ಬಿಸಿಲು ಬೇಡ, ಅನುಮಾನ ಬಂದರೆ ಕೇಳಿ.' ಇನ್ನೊಂದು, ಋತು ಶುರುವಾಗುವ ಮುಂಚೆ ಒಗೆಯುವ ಪಾಠ. ಪಾಠ ಹೇಳುವವರೇ ಸಿಕ್ಕಿರಲಿಲ್ಲ. ಅವಳು ನೇರ ತಂಗಿಯ ಮನೆಗೆ ಹೋದಳು. ತಾರಸಿಯ ಮೇಲೆ ತಂಗಿ ಬಟ್ಟೆ ಹಿಂಡುತ್ತಿದ್ದಳು. ಕತ್ತರಿಯಕ್ಕ ಹೋಗಿ ಹಾಸುಬಟ್ಟೆಯ ಇನ್ನೊಂದು ತುದಿ ಹಿಡಿದು ನಿಂತಳು. ಇಬ್ಬರೂ ತಿರುಚಿದರು, ನೀರು ಇಳಿಯಿತು.

ವಿಷಯ ಕೇಳಿ ತಂಗಿ ಕಹಿಯಾಗಿ ನಕ್ಕಳು. "ಹಾಳು ಮಾಡಿದೋಳ ಹತ್ತಿರ ಪಾಠ ಹೇಳಿಸ್ತೀಯಾ?"

"ಹೇಗೆ ಹಾಳಾಗುತ್ತೆ ಅಂತ ಗೊತ್ತಿರೋಳು ನೀನೊಬ್ಬಳೇ."

ಬಟ್ಟೆ ತಂತಿಗೆ ಬಿತ್ತು. ತಂಗಿ ಕ್ಲಿಪ್ಪು ಹಾಕುತ್ತಾ, ಮುಖ ಕೊಡದೆ ಕೇಳಿದಳು. "ಅದನ್ನ ಎಳೆದು ನೋಡೋಣ ಅಂದ್ರಂತೆ ಆ ಸಾಹೇಬ್ರು. ನೀನು ಬೇಡ ಅಂದ್ಯಂತೆ. ಯಾಕೆ?"

"ಹರಿದಿದ್ರೆ ಆ ಸದ್ದನ್ನ ನೀನು ಸಾಯೋತನಕ ಕೇಳ್ತಿದ್ದೆ. ಹರೀದೇ ಇದ್ದಿದ್ರೆ ನಾನು ಕೇಳ್ತಿದ್ದೆ. ಇಬ್ರಿಗೂ ಬೇಡ ಅಂತ ಬಿಟ್ಟೆ."

ತಂಗಿ ಕೊನೆಯ ಕ್ಲಿಪ್ಪು ಹಾಕಿ ಬುಟ್ಟಿ ಎತ್ತಿಕೊಂಡಳು. "ಯಾವತ್ತು ಬರಬೇಕು?" ಎಂದಳು.

ಪಾಠದ ದಿನ ಶೆಡ್ಡಿಗೆ ಬಂದವರೆಲ್ಲ ಹೆಂಗಸರು. ತಾಯಂದಿರು, ಹೆಂಡಿರು, ಒಬ್ಬಳು ಅತ್ತಿಗೆ. ಕತ್ತರಿಯಕ್ಕ ಬಾಗಿಲಲ್ಲೇ ತಡೆದಳು. "ನೀವು ಕೂತ್ಕೊಳ್ಳಿ, ಸಂತೋಷ. ಆದ್ರೆ ತೊಡೋರೆಲ್ಲಿ? ಅವರು ಬಂದು ಕಲಿತು ಸಹಿ ಹಾಕದೆ ಕಾರು ಟ್ರ್ಯಾಕಿಗೆ ಇಳಿಯಲ್ಲ." ಗೊಣಗುತ್ತಾ ಬಂದರು ಚಾಲಕರು. ನೊಗದ ಚಾಂಪಿಯನ್ ಈಗ ತಂಡವೊಂದರ ತರಬೇತುದಾರ, ಅವನೂ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಸೋಪು ಎಷ್ಟು ಹಾಕಬೇಕಕ್ಕ?"

"ಇಷ್ಟು ವರ್ಷ ಎಷ್ಟು ಹಾಕ್ತಿದ್ರಿ?"

"ಹೆಂಡತಿ ಹಾಕ್ತಿದ್ಲು."

"ಹಾಗಾದ್ರೆ ಅವಳನ್ನೇ ಕೇಳಿ, ಕೈ ಮುಗಿದು" ಎಂದಳು ತಂಗಿ. ಹೆಂಗಸರ ಸಾಲಿನಿಂದ ನಗು ಎದ್ದಿತು. ಆಮೇಲೆ ತಂಗಿ ಹಳೆಯ ಬೆಲ್ಟಿನ ಎರಡು ತುಂಡು ಎತ್ತಿ ಹಿಡಿದಳು, ಒಂದು ಕಡುನೀಲಿ, ಒಂದು ಆಕಾಶದ ಬಣ್ಣ. "ಈ ಎರಡನೇದು ನಾನು ಮಾಡಿದ್ದು. ನನ್ನ ಮಗಳದ್ದು" ಎಂದು ಶುರು ಮಾಡಿದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಚೂಟಿ ತಲೆ ತಗ್ಗಿಸಿದ್ದಳು. ಅಮ್ಮನ ಮಾತು ಅರ್ಧ ದಾಟುವ ಹೊತ್ತಿಗೆ ಎತ್ತಿದಳು.

ಸೀಟು ತಪ್ಪಿದ ಆ ವರ್ಷವಿಡೀ ಚೂಟಿ ಕೆಳದರ್ಜೆಯ ಕಾರು ಓಡಿಸಿದಳು. ಮರುವರ್ಷ ಬೇರೊಂದು ತಂಡ ಕರೆಯಿತು. ಮೊದಲ ರೇಸಿನ ದಿನ, ಹೊರಡುವ ಸಾಲಿನಲ್ಲಿ, ಕತ್ತರಿಯಕ್ಕ ಕಾರಿನ ಮೇಲೆ ಬಗ್ಗಿ ಬೆಲ್ಟಿನ ಬಿಗಿ ನೋಡುತ್ತಿದ್ದಳು. ಎದೆ ಮತ್ತು ಪಟ್ಟಿಯ ನಡುವೆ ಎರಡು ಬೆರಳು ತೂರಿದರೆ ಸಡಿಲ ಎಂದು ಅರ್ಥ. ತೂರಿತು.

ಹೆಲ್ಮೆಟ್ಟಿನ ಒಳಗಿಂದ ಚೂಟಿ ಕೇಳಿದಳು. "ದೊಡ್ಡಮ್ಮ, ನಿಜ ಹೇಳು. ಆವತ್ತು ಆ ಬೆಲ್ಟು ಹರೀತಿತ್ತಾ?"

"ನನಗೇನು ಗೊತ್ತು? ಉಸಿರು ಬಿಡು, ಇನ್ನೊಂದು ಸಲ ಎಳೀತೀನಿ."

ಚೂಟಿ ಉಸಿರು ಬಿಟ್ಟಳು. ದೊಡ್ಡಮ್ಮ ಕಾಲು ಊರಿ ಎಳೆದಳು. ಈ ಸಲ ಬೆರಳು ತೂರಲಿಲ್ಲ.